ಪಂಚಮಿ ಡಬ್ಬಿಯ ಅಣ್ಣ

ಈ ಸಲ ನಾಗರ ಪಂಚಮಿಗೆ ನಮ್ಮ ಮನೆಗೆ ಉಂಡಿಯ ಡಬ್ಬಿ ಬರಲಿಲ್ಲ. ಬರುವುದಿಲ್ಲ ಎಂದು ಗೊತ್ತಿದ್ದರೂ ಬೆಳಗಿನಿಂದ ಮತ್ತೆ ಮತ್ತೆ ಬಾಗಿಲಿಗೆ ಹೋಗಿ ನಿಂತೆ. "ಯಾರ ದಾರಿ ನೋಡಾಕತ್ತೀ?" ಎಂದು ನಮ್ಮನೆಯವರು ಕೇಳಿದರು. ಕೇಳಬಾರದಿತ್ತು. ನಾನು ಅವರ ಮೇಲೆ ಹರಿಹಾಯ್ದೆ. ಅವರು ಪೇಪರನ್ನು ಮುಖಕ್ಕೆ ಅಡ್ಡ ಹಿಡಿದರು. ಇಷ್ಟು ವರ್ಷ ನನ್ನ ಜೊತೆ ಬಾಳಿದವರಿಗೆ ಯಾವಾಗ ಪೇಪರು ಎತ್ತಬೇಕು ಎಂಬುದು ಚೆನ್ನಾಗಿ ಗೊತ್ತು.

ಡಬ್ಬಿ ತರುತ್ತಿದ್ದವರು ನನ್ನ ಒಡಹುಟ್ಟಿದವರಲ್ಲ. ನಮ್ಮ ಓಣಿಯವರಲ್ಲ, ಬಳಗದವರೂ ಅಲ್ಲ. ಹೊಸಪೇಟೆಯಲ್ಲಿ ಸಂಡೂರಿನ ಕಡೆ ಹೋಗುವ ರಸ್ತೆಯ ಮೇಲೆ ಅದಿರು ಲಾರಿಗಳ ಮೇಲೆ ಹೊದಿಸುವ ತಾಡಪತ್ರಿ ಹೊಲಿಯುವ ಅಂಗಡಿ ಇಟ್ಟುಕೊಂಡಿದ್ದರು. ಹೆಸರು ಬರೆಯುವುದಿಲ್ಲ. ಅವರಿಗೆ ಬಂದ ರೋಗದ ಹೆಸರಿನ ಪಕ್ಕದಲ್ಲಿ ಅವರ ಹೆಸರು ಕಾಣುವುದು ಅವರ ಮನೆಯವರಿಗೆ ಇಷ್ಟವಿಲ್ಲ. ನನಗೆ ಅದು ಸರಿ ಎನಿಸುವುದಿಲ್ಲ, ಆದರೆ ಜಗಳವಾಡಲು ಅದು ನನ್ನ ಮನೆಯಲ್ಲ. ನಾನು ಅಣ್ಣ ಎನ್ನುತ್ತಿದ್ದೆ. ಇಲ್ಲಿಯೂ ಹಾಗೇ ಇರಲಿ.

ಎತ್ತರದ ಆಳು, ಹೊಲಿದು ಹೊಲಿದು ಬೆನ್ನು ಬಾಗಿತ್ತು. ಹಣೆಯ ತುಂಬ ವಿಭೂತಿ, ಬಲಗೈ ಹೆಬ್ಬೆರಳಿಗೆ ಸದಾ ಒಂದು ತೊಗಲಿನ ಪಟ್ಟಿ, ಅಂಗಿಯ ಕಾಲರಿಗೆ ಚುಚ್ಚಿದ ದಬ್ಬಣ. ಲಾರಿಗಳ ಸದ್ದಿನ ನಡುವೆ ಮಾತಾಡಿ ರೂಢಿಯಾಗಿ ಮನೆಯೊಳಗೆ ಬಂದರೂ ಕೂಗಿಯೇ ಮಾತಾಡುತ್ತಿದ್ದರು. ಅವರದೊಂದು ಹಟವಿತ್ತು. ಹಿಡಿದ ಹೊಲಿಗೆ ಮುಗಿದು ಕೊನೆಯ ಗಂಟು ಬೀಳುವವರೆಗೆ ಕೂತ ಜಾಗದಿಂದ ಏಳುತ್ತಿರಲಿಲ್ಲ. ಊಟ ಆರಿ ಹೋಗಲಿ, ಗಿರಾಕಿ ಬೈದು ಹೋಗಲಿ. "ಅರ್ಧ ಹೊಲಿದ ತಾಡಪತ್ರಿಗಿಂತ ಹರದ ತಾಡಪತ್ರಿ ಚಲೋ. ಹರದದ್ದು ಹರದೈತಿ ಅಂತ ಡ್ರೈವರಗ ಗೊತ್ತಿರತೈತಿ" ಎನ್ನುತ್ತಿದ್ದರು.

ನನಗೂ ಅವರಿಗೂ ನಂಟು ಬಿದ್ದದ್ದು ನನ್ನ ಹೆರಿಗೆಯ ದಿನ. ಮಗಳು ಹುಟ್ಟಿದಳು, ನನ್ನ ರಕ್ತ ನಿಲ್ಲಲಿಲ್ಲ. ನನ್ನದು ಓ ನೆಗೆಟಿವ್. ಇಪ್ಪತ್ತು ವರ್ಷಕ್ಕೂ ಹಿಂದಿನ ಮಾತು. ಬೇಕೆಂದಾಗ ಬೇಕಾದ ಗುಂಪಿನ ರಕ್ತ ಸಿಗುವ ಕಾಲವಲ್ಲ. ಆ ಗುಂಪಿನವರು ಊರಲ್ಲಿ ಯಾರಿದ್ದಾರೆ ಎಂದರೆ ಡಾಕ್ಟರರ ಬಾಯಲ್ಲಿ ಮೊದಲು ಬರುತ್ತಿದ್ದದ್ದು ತಾಡಪತ್ರಿ ಅಂಗಡಿ. ಕಾಂಪೌಂಡರ್ ಸ್ಕೂಟರ್ ಹತ್ತಿ ಓಡಿದ. ಅಣ್ಣ ಬಂದಾಗ ದಬ್ಬಣ ಕಾಲರಿನಲ್ಲೇ ಇತ್ತಂತೆ. ನಮ್ಮತ್ತೆ ಆ ದಬ್ಬಣದ ಕಥೆಯನ್ನು ಸಾಯುವವರೆಗೂ ಹೇಳಿದರು. ಮುಂದೊಂದು ದಿನ ನಾನೇ ಅಣ್ಣನಿಗೆ, "ಆವತ್ತು ಹೊಲಿಗೆ ಅರ್ಧಕ್ಕ ಬಿಟ್ಟು ಬಂದ್ರೇನು?" ಎಂದು ಕೇಳಿದೆ. ಅವರು ನೆಲ ನೋಡಿದರು. "ಗಂಟು ಹಾಕೇ ಬಂದೆ ತಂಗೀ. ಸುಳ್ಳು ಯಾಕ ಹೇಳಲಿ. ನಿನಗ ಅಷ್ಟು ತಡ ಆತು ನೋಡು."

ಅವರು ರಕ್ತ ಕೊಡಲು ಶುರು ಮಾಡಿದ್ದಕ್ಕೂ ಕಾರಣವಿತ್ತು. ಹರೆಯದಲ್ಲಿ ಲಾರಿಯ ಮೇಲೆ ಕ್ಲೀನರ್ ಆಗಿದ್ದಾಗ ಸಂಡೂರಿನ ಘಾಟಿನಲ್ಲಿ ಲಾರಿ ಉರುಳಿತು. ಯಾರದೋ ರಕ್ತ ಹಾಕಿ ಬದುಕಿಸಿದರು. ಯಾರದೆಂದು ಕೊನೆಗೂ ತಿಳಿಯಲಿಲ್ಲ. ಆಮೇಲೆ ಯಾರು ಕರೆದರೂ ಹೋಗಿ ತೋಳು ಚಾಚುತ್ತಿದ್ದರು. ಬಿ.ಪಿ. ಗುಳಿಗೆ ಶುರುವಾಗಿ ಡಾಕ್ಟರು ಸಾಕು ಎನ್ನುವವರೆಗೂ ಕೊಟ್ಟರು. ಆ ಕಾಲದಲ್ಲಿ ರಕ್ತದಿಂದ ಹರಡಿ ಲಿವರ್ ಕೆಡಿಸುವ ಹೆಪಟೈಟಿಸ್ ಸಿ ಎಂಬ ರೋಗದ ಹೆಸರನ್ನು ನಮ್ಮಲ್ಲಿ ಯಾರೂ ಕೇಳಿರಲಿಲ್ಲ. ಅದಕ್ಕೊಂದು ಪರೀಕ್ಷೆ ಎಲ್ಲ ಕಡೆ ಬಂದದ್ದು ಆಮೇಲೆ.

ರಕ್ತ ಕೊಟ್ಟರೆ ಸಾಕಿತ್ತು. ಇವರು ಅಷ್ಟಕ್ಕೇ ಬಿಡಲಿಲ್ಲ. ನಮ್ಮ ಕಡೆ ಪಂಚಮಿ ಎಂದರೆ ಹೆಣ್ಣುಮಕ್ಕಳ ಹಬ್ಬ. ಅಣ್ಣನೋ ತಮ್ಮನೋ ಬಂದು ತವರಿಗೆ ಕರೆದುಕೊಂಡು ಹೋಗಬೇಕು, ಹೋಗಲಾಗದಿದ್ದರೆ ಉಂಡಿಯಾದರೂ ಮನೆಗೆ ಬರಬೇಕು. ನನಗೆ ಅಣ್ಣತಮ್ಮಂದಿರಿಲ್ಲ. ಮಗಳು ಹುಟ್ಟಿದ ವರ್ಷವೇ ಪಂಚಮಿಯ ಬೆಳಿಗ್ಗೆ ತುಂಗಭದ್ರಾ ಡ್ಯಾಂನ ನಮ್ಮ ಕ್ವಾರ್ಟರ್ಸಿನ ಬಾಗಿಲಲ್ಲಿ ಈ ಮನುಷ್ಯ ಸ್ಟೀಲಿನ ಡಬ್ಬಿ ಹಿಡಿದು ನಿಂತಿದ್ದರು. ಶೇಂಗಾ ಉಂಡಿ, ಎಳ್ಳುಂಡಿ, ಅಳ್ಳಿಟ್ಟು. "ನನ್ನ ರಕ್ತ ನಿನ್ನ ಮೈಯಾಗ ಐತಿ ಅಂದ ಮ್ಯಾಲ ನಾ ನಿನಗ ಅಣ್ಣ ಹೌದಲ್ಲ?" ಎಂದು ಇಡೀ ಓಣಿಗೆ ಕೇಳುವಂತೆ ಕೂಗಿದರು. ಹೀಗೆ ರಕ್ತ ಕೊಟ್ಟು ಮಾಡಿಕೊಂಡ ತಂಗಿಯರು ಅವರಿಗೆ ವಡ್ಡುವಿನಲ್ಲಿ ಒಬ್ಬರು, ಕಂಪ್ಲಿಯಲ್ಲಿ ಒಬ್ಬರು, ಯಶವಂತನಗರದಲ್ಲಿ ಒಬ್ಬರು ಇದ್ದರು. ಎಲ್ಲರಿಗೂ ಡಬ್ಬಿ ಹೋಗುತ್ತಿತ್ತು. ಬೈಕಿನ ಮೇಲೆ ಪಂಚಮಿಯ ದಿನವೆಲ್ಲ ಅವರದು ಇದೇ ತಿರುಗಾಟ. ನಮ್ಮ ಮನೆಯ ಡಬ್ಬಿಯಲ್ಲಿ ಎಳ್ಳುಂಡಿ ಕಡಿಮೆ ಬಂತೆಂದು ನಾನು ಜಗಳ ತೆಗೆದದ್ದೂ ಉಂಟು. ಆ ಜಗಳ ಅವರಿಗೆ ಭಾಳ ಹಿಡಿಸುತ್ತಿತ್ತು.

ಹೀಗೆ ಬಹಳ ವರ್ಷ ನಡೆದ ಮೇಲೆ, ಒಂದು ಪಂಚಮಿಗೆ ಬರಿಗೈಯಲ್ಲಿ ಬಂದರು.

ಬಾಗಿಲಲ್ಲೇ ನಿಂತರು. ಮುಖ ಇಳಿದಿತ್ತು, ಕಾಲು ಊದಿದ್ದವು. ಒಳಗೆ ಬರ್ರಿ ಎಂದರೆ ಬರಲಿಲ್ಲ. ನೀರು ಕೊಟ್ಟೆ, ಲೋಟ ಮುಟ್ಟಲಿಲ್ಲ. ಜೀವನದಲ್ಲಿ ಮೊದಲ ಸಲ ಅವರು ಮೆತ್ತಗೆ ಮಾತಾಡಿದ್ದನ್ನು ಕೇಳಿದೆ.

"ತಂಗೀ, ನನಗ ಲಿವರಿನ ಬ್ಯಾನಿ ಬಂದೈತಿ. ರಕ್ತದಾಗಿನ ವೈರಸ್ಸಂತ. ಭಾಳ ವರ್ಷದ್ದು ಅಂದ್ರು ಡಾಕ್ಟರು. ಘಾಟಿನ್ಯಾಗ ಬಿದ್ದಾಗ ಹಾಕಿದ ರಕ್ತದಾಗ ಬಂದಿರಬೇಕಂತ."

"ಅಯ್ಯೋ, ಔಷಧ ಐತೇನು ಅದಕ್ಕ?"

"ಐತಿ. ಸರ್ಕಾರದ ಗುಳಿಗಿ ಶುರು ಮಾಡಿ ಎರಡು ತಿಂಗಳಾಗಾಕ ಬಂತು, ನಿನಗ ಹೇಳಾಕ ಧೈರ್ಯ ಆಗಿರಲಿಲ್ಲ. ಅದಲ್ಲ ನಾ ಹೇಳಾಕ ಬಂದಿದ್ದು." ಕಾಲರಿನ ದಬ್ಬಣವನ್ನು ಮುಟ್ಟಿಕೊಂಡರು. "ನಿನಗ ರಕ್ತ ಕೊಟ್ಟಾಗ ಅದು ನನ್ನೊಳಗ ಇತ್ತು ತಂಗೀ. ನೀ ಒಮ್ಮೆ ಪರೀಕ್ಷೆ ಮಾಡಿಸ್ಕೋ."

ನನಗೆ ಅರ್ಥವಾಗಲು ಹೊತ್ತು ಹಿಡಿಯಿತು. ಅರ್ಥವಾದಾಗ ಮೊದಲು ನೆನಪಾದದ್ದು ಮಗಳು. ಅವಳು ಹುಟ್ಟಿದ ದಿನವೇ ಆ ರಕ್ತ ನನ್ನೊಳಗೆ ಬಂದದ್ದು, ಆಮೇಲೆ ಎರಡು ವರ್ಷ ಅವಳಿಗೆ ಹಾಲು ಕುಡಿಸಿದ್ದೇನೆ. ಆ ಮನುಷ್ಯನ ಮೇಲೆ ಸಿಟ್ಟು ಬಂತೇ ಎಂದರೆ, ಬಂತು. ಒಂದು ಗಳಿಗೆ ಬಂತು. ಅವರು ಮೆಟ್ಟಿಲ ಕೆಳಗೆ ಚಪ್ಪಲಿ ಬಿಟ್ಟು, ಕೈಕಟ್ಟಿ, ಅಪರಾಧಿಯ ಹಾಗೆ ನಿಂತಿದ್ದರು. ಆ ನಿಲುವು ನೋಡಿ ಸಿಟ್ಟು ಎಲ್ಲಿಗೆ ಹೋಯಿತೋ ತಿಳಿಯದು.

"ಲೋಟದಿಂದ ಇದು ಹರಡತೈತೇನು?" ಎಂದೆ.

"ಇಲ್ಲಂತಾರ ಡಾಕ್ಟರು. ಆದ್ರೂ..."

"ಆದ್ರೂ ಏನೂ ಇಲ್ಲ. ಒಳಗ ಬರ್ರಿ, ಕುಂದ್ರಿ. ಈ ನೀರು ಕುಡೀರಿ. ಕುಡೀದಿದ್ರ ನಾ ಪರೀಕ್ಷೆಗೆ ಹೋಗಂಗಿಲ್ಲ."

ಕುಡಿದರು.

ಮರುದಿನವೇ ಹೊಸಪೇಟೆಗೆ ಹೋಗಿ ಪರೀಕ್ಷೆಗೆ ರಕ್ತ ಕೊಟ್ಟೆ. ಬೆರಳಷ್ಟು ಅಗಲದ ಒಂದು ಬಿಳಿ ಪಟ್ಟಿ, ಅದರ ಮೇಲೆ ಒಂದು ಹನಿ. ಒಂದು ಗೆರೆ ಮೂಡಿದರೆ ಏನಿಲ್ಲ, ಎರಡು ಮೂಡಿದರೆ ಇದೆ. ನಾನು ನೋಡುತ್ತಿದ್ದ ಹಾಗೇ ಎರಡನೆಯ ಗೆರೆ ಮೆಲ್ಲಗೆ ಕೆಂಪಾಯಿತು. ಮಗಳಿಗೂ ಮಾಡಿಸಿದೆವು. ಅವಳ ಪಟ್ಟಿಯ ಮೇಲೆ ಒಂದೇ ಗೆರೆ. ಅಲ್ಲೇ ಬೆಂಚಿನ ಮೇಲೆ ಕೂತು ಅತ್ತುಬಿಟ್ಟೆ. ಅವಳದು ನೋಡಿ ಅತ್ತೆನೋ ನನ್ನದಕ್ಕೆ ಅತ್ತೆನೋ ಹೇಳಲಾರೆ. ನನ್ನ ರಕ್ತದಲ್ಲಿ ಈಗ ವೈರಸ್ ಎಷ್ಟಿದೆ ಎಂದು ನೋಡಲು ಇನ್ನೊಂದು ಪರೀಕ್ಷೆಗೆ ರಕ್ತ ತೆಗೆದು ಹೊರಗೆ ಕಳಿಸಿದರು. ಉತ್ತರ ಬರಲು ದಿನ ಹಿಡಿಯುತ್ತದೆ ಎಂದರು.

ಆ ದಿನಗಳಲ್ಲಿ ಅಣ್ಣ ಸುಮ್ಮನೆ ಕೂರಲಿಲ್ಲ. ಡಬ್ಬಿ ಹೋದ ಮನೆಗಳಿಗೆಲ್ಲ ಈಗ ಈ ಸುದ್ದಿ ಹಿಡಿದು ಹೋಗಬೇಕಿತ್ತು. ಕಂಪ್ಲಿಗೆ ಒಬ್ಬರೇ ಹೋಗಲು ಧೈರ್ಯವಾಗದೆ ನನ್ನನ್ನು ಕರೆದರು. ಅಕ್ಕಿ ಗಿರಣಿಯ ದೊಡ್ಡ ಮನೆ. ಆ ಮನೆಯ ಯಜಮಾನಿಗೆ ಆಪರೇಷನ್ ಆದಾಗ ಇವರು ರಕ್ತ ಕೊಟ್ಟಿದ್ದರು. ಗಿರಣಿಯ ಸದ್ದಿನಲ್ಲಿ ಅಣ್ಣ ಕೂಗಿ ಹೇಳಲೂ ಆಗದೆ, ಮೆತ್ತಗೆ ಹೇಳಿದರೆ ಕೇಳದೆ ಒದ್ದಾಡಿದರು. ಕೇಳಿಸಿದ ಮೇಲೆ ಮಗ ಗೇಟಿಗೆ ಅಡ್ಡ ಬಂದ.

"ಏನ್ರೀ, ನಮ್ಮವ್ವಗ ರೋಗ ಐತಿ ಅಂತ ಊರೆಲ್ಲ ಹೇಳಾಕ ಬಂದೀರೇನು? ನಾಳೆ ನಮ್ಮ ಮನೀಗೆ ಹೆಣ್ಣು ಯಾರು ಕೊಡ್ತಾರ? ಹೋಗ್ರಿ ಮೊದಲ."

"ತಮ್ಮಾ, ಒಂದು ಪರೀಕ್ಷೆ ಅಷ್ಟ..."

"ಹೋಗ್ರಿ ಅಂದೆ."

ನಾನು ಬಾಯಿ ತೆರೆದೆ. ಅಣ್ಣ ನನ್ನ ಕೈ ಹಿಡಿದು ಎಳೆದರು. ವರ್ಷಾ ವರ್ಷಾ ಪಂಚಮಿ ಡಬ್ಬಿ ಇಟ್ಟು ಉಂಡು ಬಂದ ಮನೆಯ ಗೇಟು ಅವರ ಎದುರೇ ಮುಚ್ಚಿತು. ಬಸ್ಸಿನಲ್ಲಿ ಕೂತ ಮೇಲೆ, "ಹುಡುಗಂದು ತಪ್ಪಿಲ್ಲ" ಎಂದರು. "ತಪ್ಪು ಐತಿ, ಭಾಳ ಐತಿ" ಎಂದೆ ನಾನು. ಹೊಸಪೇಟೆ ಬರುವವರೆಗೂ ಇದೇ ವಾದ ನಡೆಯಿತು. ಆ ಯಜಮಾನಿ ಮುಂದೆ ಮಗನಿಗೆ ತಿಳಿಯದ ಹಾಗೆ ಪರೀಕ್ಷೆ ಮಾಡಿಸಿಕೊಂಡರು, ಅವರಿಗೆ ಏನೂ ಇರಲಿಲ್ಲ. ಯಶವಂತನಗರದವರಿಗೂ ಇರಲಿಲ್ಲ. ಆದರೆ ಆಗ ಅದು ಯಾರಿಗೆ ಗೊತ್ತಿತ್ತು?

ಆಗ ಗೊತ್ತಿದ್ದದ್ದು ನನ್ನ ಎರಡು ಗೆರೆ ಮಾತ್ರ. ಅಣ್ಣನಿಗೆ ಅದನ್ನು ಹೇಳಬಾರದೆಂದು ಗಟ್ಟಿ ಮಾಡಿಕೊಂಡಿದ್ದೆ. ಕಂಪ್ಲಿಯಿಂದ ಬರುವ ಬಸ್ಸಿನಲ್ಲಿ ವಾದದ ಭರದಲ್ಲಿ ಬಾಯಿ ತಪ್ಪಿ ಹೇಳಿಬಿಟ್ಟೆ. ಅವರು ಕಿಟಕಿಯ ಕಡೆ ತಿರುಗಿ ಕೂತರು.

ಒಂದು ವಾರವೂ ಕಳೆದಿರಲಿಲ್ಲ, ಬೆಳಿಗ್ಗೆ ನಾನು ಕಲಿಸುವ ಶಾಲೆಗೆ ಹೊರಡುವ ಗಡಿಬಿಡಿಯಲ್ಲಿದ್ದೆ, ಅಣ್ಣ ಬಂದರು. ಕೈಯಲ್ಲಿ ಅದೇ ಸ್ಟೀಲಿನ ಡಬ್ಬಿ. ಮುಖ ಗೆಲುವಾಗಿತ್ತು. "ಪಂಚಮಿದು ಬಾಕಿ ಇತ್ತಲ್ಲ, ತಗೋ" ಎಂದು ಕೈಗಿಟ್ಟರು. ಉಂಡಿ ಇರಬೇಕೆಂದು ಮುಚ್ಚಳ ತೆಗೆದೆ. ಒಳಗೆ ಗುಳಿಗೆಯ ಬಾಟಲಿ ಇತ್ತು.

"ದಿನಕ್ಕ ಒಂದು. ಊಟ ಆದ ಮ್ಯಾಲ. ಇವತ್ತಿಂದ್ಲೇ ಶುರು ಮಾಡು. ಕಾಗದಪತ್ರ ಆಗಿ ನಿನಗ ಔಷಧ ಸಿಗೋ ಹೊತ್ತಿಗೆ ತಿಂಗಳುಗಟ್ಟಲೆ ಹಿಡೀತೈತಿ. ನನಗ ಹಂಗ ಆಗಿತ್ತು. ಅಲ್ಲೀತನಕ ನೀ ಯಾಕ ಕಾಯಬೇಕು?"

ನಮ್ಮನೆಯವರು ಒಂದು ಲೋಟ ನೀರು ತಂದೇಬಿಟ್ಟರು. ನಾನು ಗುಳಿಗೆಯನ್ನು ಅಂಗೈಗೆ ಹಾಕಿಕೊಂಡದ್ದೂ ಆಯಿತು. ಆಗ ಬಾಟಲಿಯ ಮೇಲಿನ ಹೆಸರು ಕಣ್ಣಿಗೆ ಬಿತ್ತು. ಅಣ್ಣನ ಹೆಸರು.

"ನಿಮ್ದು ಮುಗೀತೇನು ಅಣ್ಣಾ?"

"ಎರಡು ತಿಂಗಳ ಮುಗದಾವ. ಇದು ಮೂರನೇದು. ನನಗ ಇನ್ನ ಬೇಕಾಗಿಲ್ಲ ಬಿಡು. ನಡುವ ಒಮ್ಮೆ ನೋಡಿದಾಗ್ಲೇ ವೈರಸ್ ಕಾಣವಲ್ದು ಅಂದಿದ್ರು ಡಾಕ್ಟರು."

"ಯಾವಾಗ ನಿಲ್ಲಿಸೀರಿ?"

ಬಾಟಲಿಯ ಮೇಲಿನ ತಾರೀಖು ನೋಡಿ, ಒಳಗಿನ ಗುಳಿಗೆ ಎಣಿಸಿದೆ. ಲೆಕ್ಕ ಹಾಕಿದೆ. ಕಂಪ್ಲಿಯಿಂದ ಬಂದ ರಾತ್ರಿಯಿಂದಲೇ ನಿಲ್ಲಿಸಿದ್ದರು.

ನನ್ನ ಬಾಯಿಗೆ ಏನು ಬಂತೋ ಅದನ್ನೆಲ್ಲ ಅಂದೆ. "ಬುದ್ಧಿ ಐತೇನು ನಿನಗ? ಸಾಯಬೇಕಂತ ಮಾಡೀಯೇನು? ಊರ ಮಂದಿ ತಾಡಪತ್ರಿಗೆಲ್ಲ ಗಂಟು ಹಾಕ್ತೀ, ನಿನ್ನ ಜೀವಕ್ಕ ಗಂಟು ಹಾಕಾಕ ಬರಂಗಿಲ್ಲೇನು?" ಅಷ್ಟು ವರ್ಷ ನೀವು ಎನ್ನುತ್ತಿದ್ದವಳು ನೀನು ಎನ್ನುತ್ತಿದ್ದೇನೆ ಎಂದು ಆಮೇಲೆ ಗೊತ್ತಾಯಿತು. ಅವರು ತಲೆ ತಗ್ಗಿಸಿ ಕೇಳಿದರು. ತಲೆ ಎತ್ತಿದಾಗ ನಗುತ್ತಿದ್ದರು. "ಈಗ ಖರೇ ತಂಗಿ ಆದಿ ನೋಡು" ಎಂದರು. ನನಗೆ ಇನ್ನೂ ಉರಿಯಿತು.

ಶಾಲೆಗೆ ರಜೆ ಹೇಳಿ ಅವರನ್ನು ಬಳ್ಳಾರಿಯ ಬಸ್ಸಿಗೆ ಹತ್ತಿಸಿದೆ, ನಾನೂ ಹತ್ತಿದೆ. ಡಬ್ಬಿ ನನ್ನ ತೊಡೆಯ ಮೇಲಿತ್ತು. ಅವರ ಲಿವರ್ ಆಗಲೇ ಕೆಟ್ಟು ಕಲ್ಲಿನಂತಾಗಿತ್ತು. ವೈರಸ್ ಮತ್ತೆ ತಲೆ ಎತ್ತಿದರೆ, ಅದೂ ಈ ಗುಳಿಗೆಗೆ ಬಗ್ಗದ ಹಾಗೆ ಎದ್ದರೆ, ಮುಂದೇನು? ನನ್ನ ಎರಡು ಗೆರೆಗಾಗಿ ಒಬ್ಬ ಮನುಷ್ಯ ತನ್ನ ಜೀವ ಪಣಕ್ಕಿಟ್ಟಿದ್ದ. ಆ ಭಾರ ಹೊರಲು ನನಗೆ ಸುತಾರಾಂ ಮನಸ್ಸಿರಲಿಲ್ಲ.

ಅವರಿಗೆ ಗುಳಿಗೆ ಬರೆದುಕೊಟ್ಟ ಬಳ್ಳಾರಿಯ ಡಾಕ್ಟರು ನನಗಿಂತ ಜೋರು. "ಏನ್ರೀ ಯಜಮಾನ್ರೇ, ಇದೇನು ಪ್ರಸಾದ ಅಂತ ತಿಳಕೊಂಡೀರೇನು, ಹಂಚಾಕ? ವೈರಸ್ ಕಾಣಂಗಿಲ್ಲ ಅಂದ್ರ ಸತ್ತೈತಿ ಅಂತ ಅಲ್ಲ, ಅಡಗಿರಬಹುದು. ಮೂರು ತಿಂಗಳು ಅಂದ್ರ ಮೂರು ತಿಂಗಳು. ಮತ್ತ ಈ ಅಮ್ಮಗ ಔಷಧ ಬೇಕೋ ಬ್ಯಾಡೋ ಅಂತ ಯಾರು ಹೇಳಿದ್ರು ನಿಮಗ?" ಎಂದು ನನ್ನ ಕಡೆ ತಿರುಗಿದರು. ಬಿಟ್ಟ ದಿನಗಳು ಕಡಿಮೆ ಇದ್ದದ್ದರಿಂದ ಅಲ್ಲೇ ಎದುರಿಗೆ ಒಂದು ಗುಳಿಗೆ ನುಂಗಿಸಿ, ಮುಂದುವರಿಸಲು ಹೇಳಿದರು. ಗೆದ್ದೆವೋ ಇಲ್ಲವೋ ತಿಳಿಯಬೇಕಾದರೆ ಗುಳಿಗೆ ಮುಗಿದ ಮೇಲೆ ಇನ್ನೂ ಮೂರು ತಿಂಗಳು ಕಾಯಬೇಕು, ಆಗ ಮತ್ತೆ ರಕ್ತ ನೋಡುತ್ತೇವೆ ಎಂದರು.

ಆ ದಿನದಿಂದ ದಿನಾ ಮಧ್ಯಾಹ್ನ ಅಂಗಡಿಗೆ ಫೋನ್ ಮಾಡುತ್ತಿದ್ದೆ. "ನುಂಗಿದ್ಯಾ?" "ನುಂಗೀನಿ." "ಸುಳ್ಳು ಹೇಳಬ್ಯಾಡ." "ಖರೇನ ನುಂಗೀನೆವ್ವಾ, ಬಾಯಿ ತಗದು ತೋರಸಲೇನು ಫೋನಿನ್ಯಾಗ?" ನಾನು ಮತ್ತೆ ನೀವು ಎನ್ನಲಿಲ್ಲ.

ನನ್ನ ಪರೀಕ್ಷೆಯ ಉತ್ತರ ಮೊದಲು ಬಂತು. ನನ್ನ ರಕ್ತದಲ್ಲಿ ವೈರಸ್ ಇರಲಿಲ್ಲ.

ನಾನು ನಂಬಲಿಲ್ಲ. ಪಟ್ಟಿಯ ಮೇಲೆ ಎರಡು ಗೆರೆ ಕಣ್ಣಾರೆ ನೋಡಿದ್ದೆನಲ್ಲ. ಡಾಕ್ಟರು ತಿಳಿಸಿ ಹೇಳಿದರು. ಆ ಪಟ್ಟಿ ತೋರಿಸುವುದು ವೈರಸ್ಸನ್ನಲ್ಲ, ವೈರಸ್ ಒಳಗೆ ಬಂದಾಗ ಮೈ ತಯಾರಿಸಿದ ಪ್ರತಿಕಾಯವನ್ನು. ಹಗೆ ಹೋದರೂ ಆ ಗುರುತು ಮೈಯಲ್ಲಿ ಉಳಿಯುತ್ತದೆ. ಅಣ್ಣನ ರಕ್ತದಲ್ಲಿ ಬಂದ ವೈರಸ್ಸನ್ನು ನನ್ನ ಬಿಳಿ ರಕ್ತಕಣಗಳು ಆ ದಿನಗಳಲ್ಲೇ ಹೊಡೆದು ಓಡಿಸಿದ್ದವು. ಕೆಲವರಲ್ಲಿ ಹಾಗಾಗುತ್ತದೆ. ನಾನು ಹಸಿ ಬಾಣಂತಿಯಾಗಿ ಬಿಸಿನೀರು ಎರೆಸಿಕೊಂಡು ಮಲಗಿದ್ದಾಗ ನನ್ನೊಳಗೆ ಇಂಥದೊಂದು ಯುದ್ಧ ನಡೆದು ಮುಗಿದಿತ್ತು, ನನಗೆ ಸುಳಿವೇ ಇರಲಿಲ್ಲ.

ಓಡಿಹೋಗಿ ಅಂಗಡಿಯಲ್ಲಿ ಹೇಳಿದೆ. ಅಣ್ಣ ದೊಡ್ಡ ತಾಡಪತ್ರಿಯ ನಡುವೆ ಕೂತಿದ್ದರು. ಕೇಳಿಯೂ ತಲೆ ಬಗ್ಗಿಸಿ ಹೊಲಿಯುತ್ತಲೇ ಇದ್ದರು. ತಾಡಪತ್ರಿಯ ಮೇಲೆ ಟಪ್ ಟಪ್ ಎಂದು ನೀರು ಬೀಳುವುದು ಕಂಡಿತು. ಕೊನೆಯ ಗಂಟು ಹಾಕಿ ದಬ್ಬಣ ಕಾಲರಿಗೆ ಚುಚ್ಚಿಕೊಂಡು ಎದ್ದು ಬಂದು, ನನ್ನ ತಲೆಯ ಮೇಲೆ ಕೈ ಇಟ್ಟರು.

"ನಿನ್ನ ಕಣಗಳು ಗಟ್ಟಿ ಅದಾವ ತಂಗೀ. ನನ್ನವು ಯಾಕ ಸೋತವು?"

ವಡ್ಡುವಿನ ತಂಗಿಗೆ ಮಾತ್ರ ವೈರಸ್ ಇತ್ತು. ಆಕೆ ಹೊಲದಲ್ಲಿ ದುಡಿಯುವ ಹೆಣ್ಣುಮಗಳು. ಅಣ್ಣ ಅವಳ ಎದುರು ಕೂತು ಮಕ್ಕಳ ಹಾಗೆ ಅತ್ತಾಗ ಆಕೆಯೇ ಸಮಾಧಾನ ಮಾಡಿದಳಂತೆ. "ನೀ ರಕ್ತ ಕೊಡದಿದ್ರ ನಾ ಅವತ್ತೇ ಮಣ್ಣಾಗತಿದ್ದೆ ಅಣ್ಣಾ. ಇಷ್ಟು ವರ್ಷ ಬದುಕೀನಿ, ಮಕ್ಕಳ ಮದವಿ ಮಾಡೀನಿ. ಈಗ ಗುಳಿಗಿ ನುಂಗು ಅಂದ್ರ ನುಂಗತೀನಿ. ಅಳಬ್ಯಾಡ, ರೊಟ್ಟಿ ಉಣ್ಣು." ಆಕೆಗೂ ಔಷಧ ಸಿಕ್ಕಿತು, ಪೂರ್ತಿ ನುಂಗಿದಳು, ಗುಣವಾದಳು. ಆದರೂ ಅಣ್ಣ ಆ ಅಳುಕಿನಿಂದ ಪೂರ್ತಿ ಹೊರಗೆ ಬರಲಿಲ್ಲ.

ಅಣ್ಣನ ಕೊನೆಯ ಪರೀಕ್ಷೆಯ ಉತ್ತರಕ್ಕಾಗಿ ಕಾದ ಆ ಮೂರು ತಿಂಗಳಲ್ಲಿ ನಾನು ಮನೆಯಲ್ಲಿ ಎಲ್ಲರನ್ನೂ ಬೈದು ಮುಗಿಸಿದೆ. ಕಡೆಗೆ ಫೋನ್ ಬಂತು. ಮೊದಲಿನ ಹಾಗೆ ಕೂಗುತ್ತಿದ್ದರು. "ಇಲ್ಲಂತ ತಂಗೀ! ಒಂದೂ ಇಲ್ಲಂತ!"

ಗುಣವಾದವರು ಸುಮ್ಮನಿರಬೇಕಲ್ಲ. ಊರಲ್ಲಿ ರಕ್ತದಾನ ಶಿಬಿರ ಇದೆ ಎಂದು ಬೋರ್ಡು ನೋಡಿ ಹೋಗಿ ತೋಳು ಚಾಚಿದರು. "ಒಮ್ಮೆ ಚಲೋ ರಕ್ತ ಕೊಡಬೇಕು, ಒಂದೇ ಒಮ್ಮೆ" ಎಂದು ನನಗೂ ಹೇಳಿದ್ದರು. ಶಿಬಿರದವರು ಹಳೆಯ ಕಾಯಿಲೆ ಕೇಳಿದರು, ಇವರು ಮುಚ್ಚಿಡದೆ ಹೇಳಿದರು. ವೈರಸ್ ಹೋಗಿದ್ದರೂ ಗುರುತು ಉಳಿಯುವುದರಿಂದ ನಿಮ್ಮ ರಕ್ತ ಇನ್ನು ಮುಂದೆ ಯಾರಿಗೂ ಹಾಕುವ ಹಾಗಿಲ್ಲ ಎಂದರು. ನಿಯಮ ಸರಿಯಾದದ್ದೇ. ಅಣ್ಣ ಸೀದಾ ನಮ್ಮ ಮನೆಗೆ ಬಂದು ಮೆಟ್ಟಿಲ ಮೇಲೆ ಕೂತರು. "ಹಂಗಾದ್ರ ನನ್ನ ರಕ್ತ ಇನ್ನ ಯಾರಿಗೂ ಬ್ಯಾಡೇನು?" ಎಂದು ಕೇಳಿದರು.

ಉತ್ತರ ಬಂದದ್ದು ಬಳ್ಳಾರಿಯ ಡಾಕ್ಟರಿಂದ. ಬೆಂಗಳೂರಿನ ಒಬ್ಬ ಸಂಶೋಧಕಿ ಇಂಥವರ ರಕ್ತವನ್ನೇ ಹುಡುಕುತ್ತಿದ್ದಾಳೆ, ನಿಮ್ಮಿಬ್ಬರದೂ ಕೊಡುತ್ತೀರಾ ಎಂದರು. ಔಷಧದಿಂದ ವೈರಸ್ ಹೋದವರಲ್ಲಿ ರೋಗದ ವಿರುದ್ಧ ಹೋರಾಡುವ ಕಣಗಳು ಮತ್ತೆ ಚೇತರಿಸಿಕೊಳ್ಳುತ್ತವೆಯೇ ಎಂದು ನೋಡುವುದು ಅವಳ ಕೆಲಸ. ಔಷಧವಿಲ್ಲದೆ ತಾವೇ ಗೆದ್ದ ನನ್ನಂಥವರ ಕಣಗಳ ಪಕ್ಕ ಇಟ್ಟು ಹೋಲಿಸುತ್ತಾಳೆ. ಚೂಟಿ ಹುಡುಗಿ. ನಮ್ಮ ಪಡಸಾಲೆಯಲ್ಲೇ ಕೂತು ಇಬ್ಬರದೂ ರಕ್ತ ತೆಗೆದಳು. ತೋಳು ಚಾಚುವಾಗ ಅಣ್ಣನ ಮುಖ ನೋಡಬೇಕಿತ್ತು. ಮದುವೆ ಗಂಡಿನ ಹಾಗೆ ಹೊಸ ಅಂಗಿ ಹಾಕಿಕೊಂಡು ಬಂದಿದ್ದರು.

"ಈ ಕಣಗಳನ್ನ ಸೈನಿಕರ ಥರ ಅಂದುಕೊಳ್ಳಿ. ವರ್ಷಗಟ್ಟಲೆ ಕಾದಾಡಿ ದಣಿದಿರ್ತಾವೆ" ಎಂದಳು ಅವಳು.

"ಸೈನಿಕರದು ನನಗ ಗೊತ್ತಿಲ್ಲವ್ವಾ. ಗಣಿಯಾಗ ಬ್ಲಾಸ್ಟಿಗೆ ಮುಂಚೆ ಸೈರನ್ ಹೊಡೀತಾರ. ಕೇಳಿದ ಕೂಡ್ಲೇ ಮಂದಿ ಎದ್ದು ಓಡತಾರ. ಹಗಲೂ ರಾತ್ರಿ ವರ್ಷಗಟ್ಟಲೆ ಹೊಡಕೊಂತ ಕುಂತ್ರ ಯಾರು ಏಳ್ತಾರ? ಹಂಗೇನು?"

"ಹಾಗೇ ಅಣ್ಣಾ. ಈಗ ಸೈರನ್ ನಿಂತಿದೆ. ಮತ್ತೆ ಕೇಳಿಸಿದರೆ ಏಳ್ತಾವಾ ಅಂತ ನೋಡ್ಬೇಕು. ಎಲ್ಲವೂ ಏಳೋದಿಲ್ಲ. ಕೆಲವು ಏಳಬಹುದು. ಅದಕ್ಕೇ ನೀವು ಹುಷಾರಾಗಿರಬೇಕು, ಈ ರೋಗ ಮತ್ತೆ ಅಂಟಬಹುದು."

ಅಂದಿನಿಂದ ಅವರಿಗೆ ಅದೊಂದೇ ಧ್ಯಾಸ. ಅವಳು ಪ್ರತಿವರ್ಷ ಬರುತ್ತಿದ್ದಳು. ಅವಳು ಚಪ್ಪಲಿ ಬಿಡುವ ಮುಂಚೆಯೇ, "ಎದ್ದಾವೇನವ್ವಾ ನನ್ನವು?" ಎಂದು ಕೂಗುತ್ತಿದ್ದರು. "ಇನ್ನೂ ನೋಡಿಲ್ಲ ಅಣ್ಣಾ, ಎಲ್ಲ ಒಟ್ಟಿಗೆ ನೋಡ್ಬೇಕು" ಎನ್ನುತ್ತಿದ್ದಳು. ಪಂಚಮಿಗೆ ಡಬ್ಬಿ ಮತ್ತೆ ಬರತೊಡಗಿತು. ಕಂಪ್ಲಿಯ ಗೇಟು ಮತ್ತೆ ತೆರೆಯಿತೇ ಎಂದು ನಾನು ಕೇಳಲಿಲ್ಲ. ಡಬ್ಬಿಯಂತೂ ಅಲ್ಲಿಗೂ ಹೋಗುತ್ತಿತ್ತು.

ವೈರಸ್ ಹೋದರೂ ಲಿವರಿಗೆ ಅಷ್ಟು ವರ್ಷ ಬಿದ್ದ ಪೆಟ್ಟು ಹೋಗಿರಲಿಲ್ಲ. ಆರು ತಿಂಗಳಿಗೊಮ್ಮೆ ಸ್ಕ್ಯಾನ್ ಮಾಡಿಸಬೇಕಿತ್ತು, ಮಾಡಿಸುತ್ತಲೂ ಇದ್ದರು. ಒಂದು ಸ್ಕ್ಯಾನಿನಲ್ಲಿ ಗಡ್ಡೆ ಕಂಡಿತು. ಆಮೇಲೆ ಬಹಳ ದಿನ ಉಳಿಯಲಿಲ್ಲ. ಕೊನೆಯ ಸಲ ನೋಡಲು ಹೋದಾಗ ಮಂಚದ ಮೇಲೆ ಕೂತು ಒಂದು ಹಳೆಯ ತಾಡಪತ್ರಿಯ ತುಂಡನ್ನು ಹೊಲಿಯುತ್ತಿದ್ದರು. ಕೈಯಲ್ಲಿ ಬಲವಿರಲಿಲ್ಲ, ದಬ್ಬಣ ಬಟ್ಟೆ ದಾಟುತ್ತಿರಲಿಲ್ಲ. ನಾನು ಕೊನೆಯ ಗಂಟಿಗೆ ದಾರ ಹಿಡಿದುಕೊಟ್ಟೆ. "ಆ ಹುಡುಗಿ ಬಂದ್ರ ಕೇಳು" ಎಂದರು. ಏನು ಕೇಳಬೇಕೆಂದು ಅವರು ಹೇಳಬೇಕಿರಲಿಲ್ಲ.

ಈ ಪಂಚಮಿಯ ದಿನ ನಾನು ಬಾಗಿಲಿಗೂ ಒಳಗೂ ತಿರುಗಿ ಸುಸ್ತಾಗಿ ಕೂತಿದ್ದಾಗ ಸಂಜೆ ಕದ ತಟ್ಟಿದ್ದು ಆ ಹುಡುಗಿ. ವರ್ಷದ ರಕ್ತ ತೆಗೆಯಲು ಬಂದಿದ್ದಳು, ರಾತ್ರಿ ರೈಲಿಗೆ ವಾಪಸು ಹೋಗಬೇಕಿತ್ತು. ಅಣ್ಣ ಹೋದ ಸುದ್ದಿ ಅವಳಿಗೆ ತಿಳಿದಿತ್ತು. ಸೂಜಿ ಚುಚ್ಚುವ ಮುಂಚೆ ನಾನೇ ಕೇಳಿದೆ.

"ಎದ್ದಾವೇನವ್ವಾ, ಅವರವು?"

ಅವಳು ಸೂಜಿಯನ್ನು ಕೆಳಗಿಟ್ಟಳು. "ಹೋದ ವಾರ ತೆಗೆದು ನೋಡಿದ್ವಿ ಅಕ್ಕಾ. ವೈರಸ್ಸಿನ ಒಂದು ಚೂರು ತೋರಿಸಿದ್ವಿ. ಎದ್ದವು. ಎಲ್ಲವೂ ಅಲ್ಲ, ನಿಮ್ಮವುಗಳಷ್ಟು ಚುರುಕೂ ಇಲ್ಲ. ಆದರೆ ಎದ್ದವು."

"ಅವರೇ ಇಲ್ಲಲ್ಲವ್ವಾ. ಅವು ಹ್ಯಾಂಗ ಏಳ್ತಾವ?"

"ಕಣಗಳನ್ನ ಜೀವಂತವಾಗೇ ಭಾಳ ತಣ್ಣಗೆ ಮಾಡಿ ಇಟ್ಟಿರ್ತೀವಿ. ಬೆಚ್ಚಗೆ ಮಾಡಿದರೆ ಮತ್ತೆ ಕೆಲಸ ಶುರು ಮಾಡ್ತಾವೆ. ಇನ್ನೂ ಇದಾವೆ ಅಕ್ಕಾ, ತುಂಬ ಇದಾವೆ."

ಆ ಮನುಷ್ಯ ಮಣ್ಣಾಗಿ ತಿಂಗಳುಗಳಾಗಿದ್ದವು. ಯಾರಿಗೂ ಬೇಡವಾಗಿದ್ದ ಅವರ ರಕ್ತ, ಅದರೊಳಗಿನ ದಣಿದ ಪುಟ್ಟ ಜೀವಗಳು, ಎಲ್ಲೋ ಒಂದು ಕಡೆ ಎದ್ದು ಕೂತಿದ್ದವು. ಆ ಮಾತನ್ನು ಕೇಳಬೇಕಾದವರು ಕೇಳದೆ ಹೋದರು ಎಂದು ನನಗೆ ಅಳು ಬಂತು. ಹುಡುಗಿ ಕಾದಳು. ಆಮೇಲೆ ತೋಳು ಚಾಚಿದೆ, ಅವಳು ರಕ್ತ ತೆಗೆದು ಸಣ್ಣ ಕೊಳವೆಗಳನ್ನು ತನ್ನ ಡಬ್ಬದಲ್ಲಿ ಇಟ್ಟುಕೊಂಡಳು. ಮುಚ್ಚಳ ಹಾಕುವಾಗ ನನಗೆ ಹೊಳೆಯಿತು, ಇವತ್ತು ತವರಿಗೆ ಹೋಗುವ ದಿನ, ನನ್ನ ರಕ್ತವೂ ಅಣ್ಣನಿರುವ ಕಡೆಗೆ ಹೊರಟಿದೆ. ಮನೆಯಲ್ಲಿ ಮಾಡಿದ್ದ ಎಳ್ಳುಂಡಿಯನ್ನು, ಹೋದ ಪಂಚಮಿಗೆ ಬಂದು ನಮ್ಮಲ್ಲೇ ಉಳಿದಿದ್ದ ಅಣ್ಣನ ಸ್ಟೀಲಿನ ಡಬ್ಬಿಗೆ ತುಂಬಿ ಅವಳ ಕೈಗೆ ಕೊಟ್ಟೆ. ನೀನೂ ತಿನ್ನು, ಅಲ್ಲಿಯವರಿಗೂ ಕೊಡು ಎಂದೆ.

"ಇನ್ನೊಂದು ಕೆಲಸ ಮಾಡವ್ವಾ. ನನ್ನ ರಕ್ತನ ನಮ್ಮಣ್ಣನ ಪಕ್ಕದಾಗ ಇಡು."

ಅವಳು ಬಗ್ಗಿ ಚಪ್ಪಲಿ ಹಾಕಿಕೊಳ್ಳುತ್ತಿದ್ದಳು. ತಲೆ ಎತ್ತದೆ ಹೇಳಿದಳು.

"ಮೊದಲಿನಿಂದ ಇಬ್ಬರದೂ ಒಂದೇ ಪೆಟ್ಟಿಗೆಯಲ್ಲೇ ಇದೆ ಅಕ್ಕಾ."